ಬಸುರಿನಲ್ಲಿ ಹೊಟ್ಟೆಯ ಮೇಲೆ ಮೂಡುವ ಗೀರುಗಳು: ಊಟದಿಂದ, ದಿನಚರಿಯಿಂದ ಎಷ್ಟು ತಡೆಯಬಹುದು?

ಪ್ರಶ್ನೆ: ವಿದ್ಯಾನಗರದ ಓದುಗಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ, ಇದು ಮೊದಲ ಬಸುರು, ಈಗ ಐದನೆಯ ತಿಂಗಳು ನಡೆದಿದೆ. ಗರ್ಭ ನಿಲ್ಲುವ ಮೊದಲು ನನ್ನ ತೂಕ 54 ಕಿಲೋ ಇತ್ತು, ಎತ್ತರ 156 ಸೆಂಟಿಮೀಟರ್. ಈಗ 57 ಕಿಲೋ ದಾಟಿದೆ. ಹೊಟ್ಟೆಯ ಮೇಲೆ ಸ್ಟ್ರೆಚ್ ಮಾರ್ಕ್ಸ್ ಇನ್ನೂ ಮೂಡಿಲ್ಲ. ಆದರೆ ನನ್ನ ತಾಯಿಗೂ ಅಕ್ಕನಿಗೂ ಹೊಟ್ಟೆ ಮತ್ತು ತೊಡೆಗಳ ಮೇಲೆ ಎದ್ದು ಕಾಣುವಷ್ಟು ಗೀರುಗಳಿರುವುದರಿಂದ ನನಗೂ ಬಂದೇ ಬರುತ್ತವೆ ಎಂಬ ಅಳುಕು ಇದೆ.

ಸಲಹೆಗಳಿಗೇನೂ ಕೊರತೆಯಿಲ್ಲ. ರಾತ್ರಿ ಮಲಗುವಾಗ ಔಡಲೆಣ್ಣೆ ತಿಕ್ಕಿಕೊಳ್ಳಬೇಕು, ತುರಿಸಿದರೂ ಹೊಟ್ಟೆ ಕೆರೆದುಕೊಳ್ಳಬಾರದು, ಕೆರೆದಲ್ಲೆಲ್ಲ ಗೀರು ಬೀಳುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಕಚೇರಿಯ ಗೆಳತಿಯೊಬ್ಬಳು ಕೋಕೋ ಬೆಣ್ಣೆಯ ದುಬಾರಿ ಕ್ರೀಮ್ ತರಿಸಿಕೊಳ್ಳೆಂದು ಒತ್ತಾಯಿಸುತ್ತಿದ್ದಾಳೆ. ಏಳನೆಯ ತಿಂಗಳ ನಂತರ ಊಟ ಕಡಿಮೆ ಮಾಡಿದರೆ ಹೊಟ್ಟೆ ಹೆಚ್ಚು ಹಿಗ್ಗುವುದಿಲ್ಲ ಎಂಬುದು ಪಕ್ಕದ ಮನೆಯವರ ಮಾತು. ನಮ್ಮ ಮನೆಯ ಊಟವೆಂದರೆ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಅನ್ನ, ಸಾರು. ವಾರಕ್ಕೆರಡು ಸಲ ತತ್ತಿ. ನನ್ನದು ದಿನವಿಡೀ ಕುಳಿತು ಮಾಡುವ ಕೆಲಸ. ಈ ಊಟದಲ್ಲಿ ಏನನ್ನಾದರೂ ಸೇರಿಸಿದರೆ ಅಥವಾ ಬಿಟ್ಟರೆ, ನಡಿಗೆ ಹೆಚ್ಚಿಸಿದರೆ, ನೀರು ಹೆಚ್ಚು ಕುಡಿದರೆ ಗೀರುಗಳು ನಿಜವಾಗಿಯೂ ಕಡಿಮೆಯಾಗುತ್ತವೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಆಹಾರಶಾಸ್ತ್ರದ ನಿವೃತ್ತ ಉಪನ್ಯಾಸಕಿ, ಧಾರವಾಡ

ತಾಯಿಗೂ ಅಕ್ಕನಿಗೂ ಇವೆ ಎಂದು ಬರೆದಿದ್ದೀರಲ್ಲ, ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಉಳಿದ ಎಷ್ಟೋ ಸಂಗತಿಗಳಿಗಿಂತ ಅದರ ಪಾಲು ದೊಡ್ಡದು. ಗೀರು ಬೀಳುವುದು ಚರ್ಮದ ಮೇಲ್ಪದರದಲ್ಲಿ ಅಲ್ಲ, ಅದರ ಕೆಳಗಿರುವ ಡರ್ಮಿಸ್ ಎಂಬ ಪದರದಲ್ಲಿ. ಅಲ್ಲಿ ಕೊಲಾಜನ್ ಮತ್ತು ಎಲಾಸ್ಟಿನ್ ಎಂಬ ನಾರುಗಳು ಹೆಣೆದುಕೊಂಡಿರುತ್ತವೆ. ಬಸುರಿನ ಹಾರ್ಮೋನುಗಳ ಪ್ರಭಾವದಿಂದ ಈ ಹೆಣಿಗೆಯ ಬಿಗಿ ಬದಲಾಗುತ್ತದೆ, ಅದೇ ಹೊತ್ತಿಗೆ ಹೊಟ್ಟೆಯೂ ಹಿಗ್ಗುತ್ತದೆ. ಎಳೆ ಜಗ್ಗಿದ ಇಳಕಲ್ ಸೀರೆಯ ಹಾಗೆ, ಬಟ್ಟೆ ಹರಿಯದಿದ್ದರೂ ನೇಯ್ಗೆ ಅಲ್ಲಲ್ಲಿ ತೆಳುವಾಗುತ್ತದೆ. ಈ ನಾರುಗಳ ಗುಣ ಹುಟ್ಟಿನಿಂದಲೇ ಬರುವಂಥದ್ದು. 2013ರಲ್ಲಿ ಪ್ರಕಟವಾದ, ಮೂವತ್ತು ಸಾವಿರಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಎಲಾಸ್ಟಿನ್‌ಗೆ ಸಂಬಂಧಿಸಿದ ವಂಶವಾಹಿಯ ಆಸುಪಾಸಿನ ವ್ಯತ್ಯಾಸಗಳಿಗೂ ಈ ಗೀರುಗಳಿಗೂ ನಂಟಿರುವುದನ್ನು ತೋರಿಸಿತು. ಇದರ ಜೊತೆಗೆ ವಯಸ್ಸು ಸೇರಿಕೊಳ್ಳುತ್ತದೆ. ಮೂವತ್ತು ದಾಟಿದ ಬಸುರಿಯರಿಗಿಂತ ಇಪ್ಪತ್ತರ ಆಸುಪಾಸಿನವರಿಗೆ ಗೀರುಗಳು ಹೆಚ್ಚು, ಹದಿಹರೆಯದವರಿಗಂತೂ ಇನ್ನೂ ಹೆಚ್ಚು. ಇವೆರಡನ್ನೂ ಯಾವ ಊಟವೂ ಬದಲಿಸುವುದಿಲ್ಲ.

ಹಾಗಾದರೆ ಕೈಯಲ್ಲಿ ಏನಿದೆ ಎಂದು ಕೇಳಿದರೆ, ನನ್ನ ಅಭಿಪ್ರಾಯದಲ್ಲಿ ಒಂದೇ ಒಂದು ದೊಡ್ಡ ಅಂಶ: ತೂಕ ಏರುವ ಪ್ರಮಾಣ ಮತ್ತು ವೇಗ. ನೀವು ಕೊಟ್ಟ ಅಂಕಿಗಳ ಪ್ರಕಾರ ಬಸುರಿಗೆ ಮೊದಲಿನ ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸುಮಾರು 22, ಅಂದರೆ ಸಹಜ ಮಟ್ಟ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಹೊರಡಿಸಿದ ಸೂಚನೆಯಂತೆ ಇಂಥವರಿಗೆ ಒಟ್ಟು 11.5ರಿಂದ 16 ಕಿಲೋ ಏರಿಕೆ ಸರಿ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 10ರಿಂದ 12 ಕಿಲೋ ಎಂದು ಹೇಳುತ್ತಾರೆ. ನಾಲ್ಕನೆಯ ತಿಂಗಳಿನಿಂದ ವಾರಕ್ಕೆ ಸುಮಾರು 400 ಗ್ರಾಂ ಏರುತ್ತ ಹೋದರೆ ಸಾಕು. ನೀವು ಈಗ ಆ ದಾರಿಯಲ್ಲೇ ಇದ್ದೀರಿ. ಎರಡು ಜೀವಕ್ಕೆ ಉಣ್ಣಬೇಕೆಂದು ತಾಟಿಗೆ ಎರಡು ಪಾಲು ಬಡಿಸುವವರಿಗೆ ಒಂದು ಅಂಕಿಯನ್ನು ತಿಳಿಸಿರಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಬಸುರಿಯರಿಗೆ ಹೆಚ್ಚುವರಿಯಾಗಿ ಸೂಚಿಸಿದ ಶಕ್ತಿ ದಿನಕ್ಕೆ 350 ಕಿಲೋಕ್ಯಾಲೊರಿ ಮಾತ್ರ. ಒಂದು ರೊಟ್ಟಿ, ಒಂದು ಲೋಟ ಹಾಲು, ಒಂದು ಹಿಡಿಗಿಂತ ಕಡಿಮೆ ಶೇಂಗಾ, ಇಷ್ಟಕ್ಕೆ ಅದು ಮುಗಿದುಹೋಗುತ್ತದೆ.

ಕ್ಯಾಲೊರಿಗಿಂತ ಪ್ರೋಟೀನಿನ ಲೆಕ್ಕ ಹೆಚ್ಚು ಮುಖ್ಯ. ಅದೇ ಸೂಚನೆಯಂತೆ ದಿನಕ್ಕೆ 46 ಗ್ರಾಂ ಬೇಕಾಗಿದ್ದ ಹೆಣ್ಣುಮಗಳಿಗೆ ಬಸುರಿನ ಕೊನೆಯ ಮೂರು ತಿಂಗಳಲ್ಲಿ ಇನ್ನೂ 22 ಗ್ರಾಂ ಸೇರಿಸಬೇಕು. ಇದಕ್ಕಾಗಿ ಡಬ್ಬಿಯ ಪುಡಿ ತರಬೇಕಾಗಿಲ್ಲ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 5 ಗ್ರಾಂ, 30 ಗ್ರಾಂ ಹೆಸರುಕಾಳಿನಲ್ಲಿ 7 ಗ್ರಾಂ, ಒಂದು ಲೋಟ ಹಾಲು ಅಥವಾ ಒಂದು ತತ್ತಿಯಲ್ಲಿ 6 ಗ್ರಾಂ, 25 ಗ್ರಾಂ ಶೇಂಗಾದಲ್ಲಿ 6 ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ ನಾಲ್ಕು ರೊಟ್ಟಿ, ಎರಡು ಹೊತ್ತು ಕಾಳುಪಲ್ಯ, ಎರಡು ಲೋಟ ಹಾಲು, ಒಂದು ತತ್ತಿ, ಒಂದಿಷ್ಟು ಹಿಂಡಿ, ಸ್ವಲ್ಪ ಅನ್ನ ಎಂದು ಕೂಡಿಸಿ ನೋಡಿದರೆ ಅರವತ್ತೈದರ ಹತ್ತಿರ ಬರುತ್ತದೆ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಹೆಸರು ಮಡಕಿಗಳಂಥ ಕಾಳುಗಳಲ್ಲಿ ಅದು ಧಾರಾಳ. ರೊಟ್ಟಿಗೆ ಕಾಳುಪಲ್ಯ ಹಚ್ಚಿಕೊಂಡು ಉಣ್ಣುವ ನಮ್ಮ ಭಾಗದ ರೂಢಿಯಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಿಮ್ಮ ಊಟದಲ್ಲಿ ಬದಲಿಸುವುದಾದರೆ ತತ್ತಿಯನ್ನು ವಾರಕ್ಕೆರಡರಿಂದ ದಿನಕ್ಕೊಂದಕ್ಕೆ ಏರಿಸಿರಿ, ಅಷ್ಟೆ.

ಸಿ ಜೀವಸತ್ವದ ಮಾತು ಬೇರೆ. ದೇಹ ಕೊಲಾಜನ್ ಕಟ್ಟುವಾಗ ಅದು ಇಲ್ಲದೆ ಕೆಲಸ ನಡೆಯುವುದಿಲ್ಲ. ಆದರೆ ಅಗತ್ಯವಿರುವಷ್ಟು ಸಿಕ್ಕ ಮೇಲೆ ಇನ್ನಷ್ಟು ತಿಂದರೆ ಚರ್ಮ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದು ಜಾಹೀರಾತಿನ ತರ್ಕ. ಬಸುರಿಗೆ ದಿನಕ್ಕೆ ಬೇಕಾಗಿರುವುದು 80 ಮಿಲಿಗ್ರಾಂ. ಸುಗ್ಗಿಯಲ್ಲಿ ನವಲೂರಿನ ಒಂದು ಪೇರಲ ಹಣ್ಣು ತಿಂದರೆ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ಪೇರಲ ಸಿಗದ ದಿನಗಳಲ್ಲಿ ನೆಲ್ಲಿಕಾಯಿ, ಇಲ್ಲವೆ ಪಲ್ಯ ಇಳಿಸಿದ ಮೇಲೆ ಹಿಂಡಿದ ನಿಂಬೆರಸ. ಒಲೆಯ ಮೇಲೆಯೇ ಹಿಂಡಿ ಕುದಿಸಿದರೆ ಅದರ ಸಿ ಜೀವಸತ್ವದಲ್ಲಿ ಒಂದಿಷ್ಟು ಹಾಳಾಗುತ್ತದೆ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಮೆಂತ್ಯ, ಹಕ್ಕರಿಕೆ, ಮೂಲಂಗಿಗಳನ್ನು ಬಿಡಬೇಕಾಗಿಲ್ಲ, ಆದರೆ ಮಣ್ಣಿನ ಅಂಶ ಉಳಿಯದ ಹಾಗೆ ಎರಡು ಮೂರು ನೀರಿನಲ್ಲಿ ತೊಳೆಯಿರಿ.

ಬಿಡುವುದಾದರೆ ಸಿಹಿಯನ್ನು ಕಡಿಮೆ ಮಾಡಿರಿ. ಕುಬುಸದ ತಿಂಗಳು ಬಂತೆಂದರೆ ಬೀಗರ ಮನೆಯಿಂದ, ಗೆಳತಿಯರ ಮನೆಯಿಂದ ಪೇಡೆ, ಹೋಳಿಗೆ, ಉಂಡಿಗಳು ಬರುತ್ತಲೇ ಇರುತ್ತವೆ. ಆ ಹೊತ್ತಿಗೇ ತೂಕ ಸರ್ರನೆ ಏರುತ್ತದೆ. ಬಸುರಿನ ಸಕ್ಕರೆ ಕಾಯಿಲೆ ಇದ್ದು ಹತೋಟಿಗೆ ಬಾರದಿದ್ದರೆ ಕೂಸು ದಪ್ಪವಾಗುತ್ತದೆ, ಗರ್ಭಜಲವೂ ಹೆಚ್ಚಾಗಬಹುದು. ಇವೆರಡೂ ಹೊಟ್ಟೆಯನ್ನು ಅಳತೆ ಮೀರಿ ಹಿಗ್ಗಿಸುತ್ತವೆ. 24ರಿಂದ 28ನೆಯ ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುವ ಪರೀಕ್ಷೆಯನ್ನು ತಪ್ಪಿಸಬೇಡಿರಿ. ಅಂಕಿ 140 ಅಥವಾ ಅದಕ್ಕಿಂತ ಮೇಲಿದ್ದರೆ ವೈದ್ಯರು ಊಟದ ಕ್ರಮವನ್ನೇ ಬದಲಿಸಿ ಕೊಡುತ್ತಾರೆ.

ನೀರನ್ನು ಬಾಯಾರಿಕೆ ಆರುವಷ್ಟು, ಮೂತ್ರ ತಿಳಿಯಾಗಿರುವಷ್ಟು ಕುಡಿಯಿರಿ. ಅದರಿಂದ ಗೀರು ತಪ್ಪುತ್ತದೆ ಎಂದು ನಾನು ಹೇಳಲಾರೆ. ನಡಿಗೆಯಿಂದಲೂ ಚರ್ಮಕ್ಕೆ ನೇರ ಲಾಭವಿಲ್ಲ, ಆದರೆ ತೂಕ ಮತ್ತು ಸಕ್ಕರೆಯ ಹತೋಟಿಗೆ ಅದಕ್ಕಿಂತ ಸುಲಭವಾದದ್ದಿಲ್ಲ. ವೈದ್ಯರು ವಿಶ್ರಾಂತಿ ಹೇಳಿರದಿದ್ದರೆ ವಾರದಲ್ಲಿ ಒಟ್ಟು ಎರಡೂವರೆ ಗಂಟೆ ಸಾಕು. ನಿಮಗೆ ಉಣಕಲ್ ಕೆರೆಯೂ ತೋಳನಕೆರೆಯೂ ದೂರವಲ್ಲ.

ಉತ್ತರ: ಇಬ್ಬರು ಮಕ್ಕಳ ತಾಯಿ, ಗದಗ-ಬೆಟಗೇರಿ

ಮೇಲಿನವರು ಬರೆದ ವಂಶದ ಮಾತಿಗೆ ನಮ್ಮ ಮನೆಯೇ ಸಾಕ್ಷಿ. ನಾನೂ ನನ್ನ ವಾರಗಿತ್ತಿಯೂ ಒಂದೇ ವರ್ಷ ಬಸುರಿಯರಾದೆವು. ಒಂದೇ ಅಡುಗೆ, ಒಂದೇ ಸೀಸೆಯ ಕೊಬ್ಬರಿ ಎಣ್ಣೆ, ಸಂಜೆ ಭೀಷ್ಮ ಕೆರೆಯ ದಂಡೆಯ ಮೇಲೆ ಒಂದೇ ನಡಿಗೆ. ನನಗೆ ಎಂಟನೆಯ ತಿಂಗಳಲ್ಲಿ ಹೊಕ್ಕಳಿನ ಕೆಳಗೆಲ್ಲ ಗೀರುಗಳಾದವು, ಆಕೆಗೆ ಒಂದೂ ಆಗಲಿಲ್ಲ. ಊಟದ ಶಿಸ್ತು ಎಂದರೆ ಆಕೆಗಿಂತ ನನ್ನದೇ ಒಂದು ಕೈ ಮೇಲಿತ್ತು!

ಆದರೂ ಎಣ್ಣೆ ಬಿಡಿರಿ ಎಂದು ನಾನು ಹೇಳುವುದಿಲ್ಲ. ಚಳಿಗಾಲದ ಒಣಗಾಳಿಗೆ, ಕೊಳವೆಬಾವಿಯ ಗಡಸು ನೀರಿಗೆ ಹೊಟ್ಟೆಯ ಚರ್ಮ ಬಿಗಿದು ತುರಿಸುವಾಗ ಸ್ನಾನವಾದ ಕೂಡಲೇ ಹಚ್ಚಿದ ಎಣ್ಣೆಯಿಂದ ನನಗೆ ನಿದ್ದೆ ಬಂದದ್ದು ಸುಳ್ಳಲ್ಲ. ಗೀರು ತಡೆಯದಿದ್ದರೂ ತುರಿಕೆ ತಗ್ಗಿಸಿದರೆ ಅದೂ ಉಪಯೋಗವೇ. ಅದಕ್ಕೆ ಸಾವಿರಾರು ರೂಪಾಯಿಯ ಕ್ರೀಮ್ ಬೇಕಿಲ್ಲ, ಮನೆಯ ಕೊಬ್ಬರಿ ಎಣ್ಣೆ ನಡೆಯುತ್ತದೆ. ಬೇಸಿಗೆಯಲ್ಲಿ ಸಡಿಲವಾದ ಹತ್ತಿಯ ಬಟ್ಟೆ ಹಾಕಿಕೊಳ್ಳಿರಿ. ಪರಕಾರದ ಲಾಡಿಯನ್ನು ಹೊಟ್ಟೆಯ ಮೇಲೆ ಬಿಗಿಯಾಗಿ ಕಟ್ಟಬೇಡಿರಿ, ಬೆವರಿನ ಜೊತೆ ಅದು ಉಜ್ಜಿ ಚರ್ಮ ಕೆಡುತ್ತದೆ.

ಉತ್ತರ: ಚರ್ಮರೋಗ ವೈದ್ಯ, ಹುಬ್ಬಳ್ಳಿ

ಗದಗದ ಸಹೋದರಿಯವರು ಎಣ್ಣೆಯ ವಿಷಯದಲ್ಲಿ ಬರೆದಿರುವುದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ, ಅದಕ್ಕೆ ಆಧಾರವನ್ನಷ್ಟೇ ಸೇರಿಸುತ್ತೇನೆ. 2012ರಲ್ಲಿ, ಚಿಕಿತ್ಸೆಗಳ ಪುರಾವೆಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆಯವರು 800 ಬಸುರಿಯರು ಪಾಲ್ಗೊಂಡಿದ್ದ 6 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಕೋಕೋ ಬೆಣ್ಣೆ, ಆಲಿವ್ ಎಣ್ಣೆ, ಒಂದೆಲಗದ ಸಾರವಿರುವ ಕ್ರೀಮ್ ಇವೆಲ್ಲ ಅದರಲ್ಲಿದ್ದವು. ಗೀರು ಬಾರದಂತೆ ತಡೆಯುವುದರಲ್ಲಿ ಇವುಗಳಿಂದ ಲಾಭವಿದೆಯೆನ್ನಲು ಗಟ್ಟಿಯಾದ ಪುರಾವೆ ಸಿಗಲಿಲ್ಲ. ಅದೇ ವರ್ಷ ಟರ್ಕಿಯಿಂದ ಬಂದ ಚಿಕ್ಕ ಅಧ್ಯಯನವೊಂದರಲ್ಲಿ ಕಹಿ ಬಾದಾಮಿ ಎಣ್ಣೆಯಿಂದ ಮಾಲೀಸು ಮಾಡಿಕೊಂಡವರಲ್ಲಿ ಶೇಕಡಾ 20ರಷ್ಟು ಮಂದಿಗೆ ಗೀರು ಬಂದರೆ, ಬರೀ ಎಣ್ಣೆ ಸವರಿಕೊಂಡವರಲ್ಲಿಯೂ ಏನೂ ಹಚ್ಚದವರಲ್ಲಿಯೂ ಅದು ಸುಮಾರು 40ರಷ್ಟಿತ್ತು. ಇದನ್ನು ನಂಬುವುದಾದರೆ ಫಲ ಕೈಯ ಮಾಲೀಸಿನದು, ಸೀಸೆಯೊಳಗಿನದ್ದಲ್ಲ. ಅಷ್ಟು ಚಿಕ್ಕ ಅಧ್ಯಯನವೊಂದನ್ನು ನಂಬಿ ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಔಡಲೆಣ್ಣೆಯನ್ನು ಹೊಟ್ಟೆಗೆ ಹಚ್ಚಿದರೆ ತೊಂದರೆಯಿಲ್ಲ, ಬಸುರಿನಲ್ಲಿ ಅದನ್ನು ಕುಡಿಯುವುದು ಮಾತ್ರ ಬೇಡ. ಕೆರೆದರೆ ಗೀರು ಬೀಳುತ್ತದೆ ಎಂಬುದು ನಿಜವಲ್ಲ. ಗೀರು ಬೀಳುವ ಮುನ್ನ ಚರ್ಮ ಹಿಗ್ಗಿ ತುರಿಸುತ್ತದೆ, ತುರಿಸಿದ್ದಕ್ಕೆ ಕೆರೆಯುತ್ತೇವೆ, ನಂತರ ಗೀರು ಕಾಣುತ್ತದೆ; ಹೀಗೆ ಮೊದಲು ನಡೆದದ್ದನ್ನೇ ಕಾರಣವೆಂದು ತಿಳಿದಿದ್ದೇವೆ.

ನಾನು ಬರೆಯಲೇಬೇಕೆಂದುಕೊಂಡದ್ದು ಬೇರೆ ಇದೆ. ಬಸುರಿಯರು ಹೊಟ್ಟೆಯ ತುರಿಕೆಗೆ ಔಷಧದ ಅಂಗಡಿಯಲ್ಲಿ ಕೇಳಿ ಹುಳುಕಡ್ಡಿಯ ಟ್ಯೂಬು ತಂದು ಹಚ್ಚಿಕೊಳ್ಳುತ್ತಾರೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಕ್ಲೋಬೆಟಾಸಾಲ್ ಅಥವಾ ಬೀಟಾಮೆಥಸೋನ್ ಎಂಬ ಬಲವಾದ ಸ್ಟೀರಾಯ್ಡ್ ಇರುತ್ತದೆ. ತುರಿಕೆ ಒಂದೆರಡು ದಿನದಲ್ಲಿ ಅಡಗುವುದರಿಂದ ಔಷಧ ಒಳ್ಳೆಯದೆಂದು ಮುಂದುವರಿಸುತ್ತಾರೆ. ಸ್ಟೀರಾಯ್ಡ್ ಚರ್ಮವನ್ನು ತೆಳ್ಳಗೆ ಮಾಡುತ್ತದೆ, ವಾರಗಟ್ಟಲೆ ಹಚ್ಚಿದರೆ ತಾನೇ ಅಗಲವಾದ ಗೀರುಗಳನ್ನು ಎಬ್ಬಿಸುತ್ತದೆ. ತೊಡೆಯ ಸಂದಿಯಲ್ಲಿ, ಎದೆಯ ಕೆಳಗೆ ಇನ್ನೂ ಬೇಗ. ಊಟದಲ್ಲಿ ಏನು ತಪ್ಪಿತೆಂದು ಹುಡುಕುವುದಕ್ಕಿಂತ ಮೊದಲು ಮನೆಯಲ್ಲಿರುವ ಟ್ಯೂಬಿನ ಹಿಂಬದಿಯ ಅಕ್ಷರಗಳನ್ನು ಓದಿರಿ. ಹಾಗೆಯೇ ಮುಖ ಬೆಳ್ಳಗಾಗಲೆಂದು ಹಚ್ಚುವ ಕೆಲವು ಕ್ರೀಮುಗಳಲ್ಲಿ ಎ ಜೀವಸತ್ವದ ಗುಂಪಿನ ಟ್ರೆಟಿನಾಯಿನ್ ಎಂಬ ಔಷಧ ಇರುತ್ತದೆ, ಬಸುರಿನಲ್ಲಿ ಅದನ್ನು ಬಳಸಬಾರದು.

ತುರಿಕೆಯಲ್ಲಿಯೂ ಎರಡು ಬಗೆಯನ್ನು ಗುರುತಿಸಿಕೊಳ್ಳಬೇಕು. ಕೊನೆಯ ತಿಂಗಳುಗಳಲ್ಲಿ, ಹೆಚ್ಚಾಗಿ ಮೊದಲ ಬಸುರಿನಲ್ಲಿ, ಗೀರುಗಳ ಮೇಲೆಯೇ ಕೆಂಪು ದದ್ದುಗಳೆದ್ದು ಹೊಕ್ಕಳಿನ ಸುತ್ತ ಮಾತ್ರ ಬಿಟ್ಟು ತೊಡೆಯವರೆಗೆ ಹರಡಿದರೆ ಅದು ಕಾಡುವಂಥದ್ದು, ಆದರೆ ಕೂಸಿಗೆ ಅಪಾಯವಿಲ್ಲ, ಹೆರಿಗೆಯ ನಂತರ ಹೋಗುತ್ತದೆ. ದದ್ದೇ ಇಲ್ಲದೆ ಅಂಗೈ ಅಂಗಾಲುಗಳು ರಾತ್ರಿ ಹೊತ್ತು ವಿಪರೀತ ತುರಿಸಿದರೆ ಅದು ಪಿತ್ತರಸದ ತೊಂದರೆಯಾಗಿರಬಹುದು. ಅದರಿಂದ ಕೂಸಿಗೆ ಅಪಾಯವಿರುವುದರಿಂದ ಎಣ್ಣೆ ಹಚ್ಚುತ್ತ ಕೂಡದೆ, ಅಂದೇ ಅಥವಾ ಮರುದಿನವೇ ಹೆರಿಗೆ ವೈದ್ಯರಿಗೆ ತೋರಿಸಿ ರಕ್ತದಲ್ಲಿ ಪಿತ್ತಾಮ್ಲದ ಪರೀಕ್ಷೆ ಮಾಡಿಸಿಕೊಳ್ಳಿರಿ.

ಉತ್ತರ: ಆಶಾ ಕಾರ್ಯಕರ್ತೆ, ಹಾವೇರಿ ತಾಲ್ಲೂಕು

ಪಕ್ಕದ ಮನೆಯವರ ಮಾತಿಗೆ ಯಾರೂ ಉತ್ತರಿಸದಿರುವುದರಿಂದ ಬರೆಯುತ್ತಿದ್ದೇನೆ. ಏಳನೆಯ ತಿಂಗಳ ನಂತರ ಕಡಿಮೆ ಉಂಡರೆ ಕೂಸು ಸಣ್ಣದಾಗಿ ಹೆರಿಗೆ ಹಗುರವಾಗುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಈಗ ಅದಕ್ಕೆ ಗೀರಿನ ಭಯವೂ ಸೇರಿದೆ. ಕೂಸಿನ ತೂಕ ವೇಗವಾಗಿ ಬೆಳೆಯುವುದೇ ಆ ತಿಂಗಳುಗಳಲ್ಲಿ. ಆಗ ಊಟ ಕಡಿತಗೊಳಿಸಿದರೆ ತಾಯಿಯ ರಕ್ತಹೀನತೆ ಹೆಚ್ಚುತ್ತದೆ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸು ಹುಟ್ಟುವ ಸಂಭವವೂ ಏರುತ್ತದೆ. ಇಷ್ಟಾದ ಮೇಲೂ ಗೀರು ತಪ್ಪುತ್ತದೆಂಬ ಖಾತರಿಯಿಲ್ಲ. ಸರಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟದ ಜೊತೆ ತತ್ತಿ, ಹಾಲು, ಶೇಂಗಾ ಚಿಕ್ಕಿ ಕೊಡುವುದು ಈ ಕೊರತೆ ತುಂಬಲೆಂದೇ. ದಪ್ಪಗಾಗುತ್ತೇನೆಂದು ಅದನ್ನು ನಿರಾಕರಿಸುವ ಹುಡುಗಿಯರನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ.

ತಾಯಿ ಕಾರ್ಡಿನಲ್ಲಿ ಪ್ರತಿ ಭೇಟಿಯ ತೂಕ ಬರೆಯುವ ಜಾಗವಿದೆ. ಅದನ್ನು ತುಂಬಿಸಿಕೊಂಡು ಏರಿಕೆ ಹೇಗಿದೆಯೆಂದು ನೀವೇ ನೋಡುತ್ತಿರಿ. ಒಂದೇ ವಾರದಲ್ಲಿ ಒಂದು ಕಿಲೋಗಿಂತ ಹೆಚ್ಚು ಏರಿ, ಮುಖ ಮತ್ತು ಕೈಗಳು ಊದಿ, ತಲೆ ನೋಯುತ್ತಿದ್ದರೆ ಅದು ಪೇಡೆ ತಿಂದದ್ದರ ಫಲವಲ್ಲ. ಕೂಡಲೇ ಬಿಪಿ ನೋಡಿಸಬೇಕು.

ಇನ್ನೊಂದು ಮಾತು. ಹದಿನೆಂಟು, ಹತ್ತೊಂಬತ್ತಕ್ಕೆ ಬಸುರಿಯರಾದ ಹುಡುಗಿಯರ ಹೊಟ್ಟೆಯ ಮೇಲೆ ಅತಿಯಾದ ಗೀರುಗಳನ್ನು ನಾನು ನೋಡುತ್ತಿರುತ್ತೇನೆ. ನೀನು ಸರಿಯಾಗಿ ಉಣ್ಣಲಿಲ್ಲ, ಎಣ್ಣೆ ಹಚ್ಚಲಿಲ್ಲ ಎಂದು ಮನೆಯವರು ಅವರನ್ನೇ ಬೈಯುತ್ತಾರೆ. ವಯಸ್ಸೇ ಕಾರಣವೆಂದು ಮೇಲೆ ಬರೆದಿರುವುದನ್ನು ಅಂಥ ಮನೆಗಳಲ್ಲಿ ಓದಿ ಹೇಳಬೇಕೆಂದಿದ್ದೇನೆ.

ಮರುಪ್ರಶ್ನೆ: ವಿದ್ಯಾನಗರದ ಓದುಗಿ, ಹುಬ್ಬಳ್ಳಿ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಕ್ರೀಮ್ ತರಿಸುವುದನ್ನು ಬಿಟ್ಟಿದ್ದೇನೆ, ತತ್ತಿ ದಿನಕ್ಕೊಂದಾಗಿದೆ. ಒಂದು ಸಂದೇಹ ಉಳಿದಿದೆ. ಗೀರುಗಳು ಬಂದೇ ಬಿಟ್ಟರೆ ಹೆರಿಗೆಯ ನಂತರ ಹೊಟ್ಟೆ ಬಿಗಿದು ಕಟ್ಟುವುದರಿಂದಾಗಲಿ, ಅಂಟಿನ ಉಂಡಿಯಂಥ ಬಾಣಂತಿ ಊಟದಿಂದಾಗಲಿ, ಔಷಧದಿಂದಾಗಲಿ ಅವು ಹೋಗುತ್ತವೆಯೇ?

ಉತ್ತರ: ಚರ್ಮರೋಗ ವೈದ್ಯ, ಹುಬ್ಬಳ್ಳಿ

ಹೊಟ್ಟೆ ಕಟ್ಟುವುದರಿಂದ ಬೆನ್ನಿಗೆ ಆಸರೆ ಸಿಕ್ಕಂತೆನಿಸಬಹುದು, ಗೀರಿಗೆ ಅದರಿಂದ ಏನೂ ಆಗುವುದಿಲ್ಲ. ಅಂಟಿನ ಉಂಡಿಯ ಮಾತೂ ಅಷ್ಟೇ. ರುಚಿಗೆ, ಶಕ್ತಿಗೆ ತಿನ್ನಿರಿ, ತುಪ್ಪ ಬೆಲ್ಲಗಳ ಲೆಕ್ಕವಿರಲಿ. ಗೀರುಗಳು ಮೊದಲು ಕೆಂಪಾಗಿ, ನಮ್ಮ ಮೈಬಣ್ಣದಲ್ಲಿ ನೇರಳೆ ಅಥವಾ ಕಂದಾಗಿ ಕಾಣುತ್ತವೆ, ಹೆರಿಗೆಯ ನಂತರ ಆರರಿಂದ ಹನ್ನೆರಡು ತಿಂಗಳಲ್ಲಿ ತಾವಾಗಿಯೇ ಮಾಸಿ ಬೆಳ್ಳನೆಯ ಸಣ್ಣ ಗೆರೆಗಳಾಗುತ್ತವೆ. ಪೂರ್ತಿ ಅಳಿಸಿಹೋಗುವುದಿಲ್ಲ. ಟ್ರೆಟಿನಾಯಿನ್ ಕ್ರೀಮ್ ಕೆಂಪು ಹಂತದಲ್ಲಿ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಕೂಸಿಗೆ ಹಾಲುಣಿಸುವುದು ಮುಗಿಯುವವರೆಗೆ ನಾನು ಅದನ್ನು ಬರೆದುಕೊಡುವುದಿಲ್ಲ. ಲೇಸರ್‌ನಿಂದ ಬಣ್ಣವೂ ಮೇಲ್ಮೈಯೂ ಒಂದಿಷ್ಟು ಸುಧಾರಿಸುತ್ತವೆ. ಹಲವು ಬಾರಿ ಮಾಡಿಸಬೇಕಾಗುತ್ತದೆ, ಖರ್ಚು ಹೆಚ್ಚು, ಗೋಧಿ ಮತ್ತು ಕಪ್ಪು ಮೈಬಣ್ಣದವರಲ್ಲಿ ಲೇಸರ್ ತಾಗಿದಲ್ಲಿ ಕಪ್ಪು ಕಲೆ ಉಳಿಯುವ ಸಾಧ್ಯತೆಯೂ ಇದೆ. ಆದ್ದರಿಂದ ಹೆರಿಗೆಯಾದ ಒಂದು ವರ್ಷದವರೆಗೆ ಕಾದು, ಆಮೇಲೂ ಮನಸ್ಸಿಗೆ ಕಿರಿಕಿರಿಯೆನಿಸಿದರೆ ಮಾತ್ರ ಚಿಕಿತ್ಸೆಯ ಯೋಚನೆ ಮಾಡಿರಿ. ವೈದ್ಯರ ಬಳಿಗೆ ಹೋಗುವಾಗ ಅಲ್ಲಿಯವರೆಗೆ ಹಚ್ಚಿದ ಎಲ್ಲ ಎಣ್ಣೆ, ಟ್ಯೂಬುಗಳನ್ನೂ ಜೊತೆಗೆ ಒಯ್ಯಿರಿ.